ಓದುಗರ ಪ್ರಶ್ನೆ: ಕೀನ್ಯಾದ ಹಳ್ಳಿಗೊಂದು ಸೇವಾಸಂಸ್ಥೆ ಕಟ್ಟಬೇಕೆಂದಿದ್ದೇವೆ

ಪ್ರಶ್ನೆ: ಮಾನ್ಯರೆ, ನಾನು ಆರು ವರ್ಷಗಳಿಂದ ನೈರೋಬಿಯಲ್ಲಿ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೇನೆ. ನಾವು ವಾಸವಿರುವ ವಸತಿ ಸಮುಚ್ಚಯದ ಕಾವಲುಗಾರರು ಮಕುವೇನಿ ಕೌಂಟಿಯವರು. ಕಳೆದ ಸೆಪ್ಟೆಂಬರಿನಲ್ಲಿ ಅವರು ಕರೆದರೆಂದು ನಾನೂ ನನ್ನ ಪತ್ನಿಯೂ ಅವರ ಹಳ್ಳಿಗೆ ಹೋಗಿ ಎರಡು ದಿನ ಇದ್ದು ಬಂದೆವು. ಒಣಗಿದ ಹೊಳೆಯ ಮರಳಿನಲ್ಲಿ ಹೆಂಗಸರು ಆಳೆತ್ತರದ ಗುಂಡಿ ತೋಡಿ, ಒರತೆಯ ನೀರನ್ನು ಬಟ್ಟಲಿನಿಂದ ಬಳಿದು ಹಳದಿ ಕ್ಯಾನುಗಳಿಗೆ ತುಂಬಿಸಿ ಕತ್ತೆಗಳ ಮೇಲೆ ಹೇರುತ್ತಿದ್ದುದನ್ನು ಕಂಡ ಮೇಲೆ ನಮಗೆ ಸುಮ್ಮನಿರಲಾಗಲಿಲ್ಲ. ನಾವು ಐದು ಕುಟುಂಬಗಳು ಸೇರಿ 18 ಲಕ್ಷ ಕೀನ್ಯಾ ಶಿಲಿಂಗ್ ಕೂಡಿಸಿದ್ದೇವೆ. ನನ್ನ ತಾಯಿಯ ಹೆಸರಿನಲ್ಲಿ ಒಂದು ಸೇವಾಸಂಸ್ಥೆ ಸ್ಥಾಪಿಸಿ ಕೊಳವೆಬಾವಿ, ಶಾಲಾ ಕೊಠಡಿ ಮತ್ತು ಒಂದು ಅನಾಥಾಲಯ ಮಾಡಿಕೊಡಬೇಕೆಂಬುದು ನಮ್ಮ ಆಸೆ. ಊರಿನವರನ್ನು ಕೇಳಿದೆವು, ಎಲ್ಲವೂ ಬೇಕು ಎಂದರು. ಸಂಸ್ಥೆಯ ನೋಂದಣಿ ಹೇಗೆ ಮತ್ತು ಯಾವುದರಿಂದ ಆರಂಭಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ.
— ಎಸ್. ಆರ್., ನೈರೋಬಿ

ಉತ್ತರ: ನೋಂದಣಿಯ ಪ್ರಶ್ನೆಗೆ ಉತ್ತರ ಸುಲಭ, ಅದನ್ನು ಮುಂದೆ ಹೇಳುತ್ತೇನೆ. ನನ್ನನ್ನು ತಡೆದು ನಿಲ್ಲಿಸಿದ್ದು ನೀವು ಸಹಜವಾಗಿ ಬರೆದುಬಿಟ್ಟಿರುವ ಒಂದು ವಾಕ್ಯ: ‘ಊರಿನವರನ್ನು ಕೇಳಿದೆವು, ಎಲ್ಲವೂ ಬೇಕು ಎಂದರು.’ ಎರಡು ದಿನದ ಮಟ್ಟಿಗೆ ಮನೆಗೆ ಬಂದ ಅತಿಥಿಯ ಎದುರು, ಅದರಲ್ಲೂ ತಮ್ಮೂರಿನ ಒಬ್ಬನಿಗೆ ನಗರದಲ್ಲಿ ಸಂಬಳ ಕೊಡುವವರ ಪೈಕಿ ಒಬ್ಬರಾದವರ ಎದುರು, ‘ಇದು ನಮಗೆ ಬೇಡ’ ಎಂದು ಯಾರು ಹೇಳಿಯಾರು? ಅಲ್ಲಿ ನೀವು ‘ಮುಹಿಂದಿ’, ಅಂದರೆ ಭಾರತೀಯ. ಅಂಗಡಿಯ ಯಜಮಾನ, ಕಾರ್ಖಾನೆಯ ಯಜಮಾನ ಎಂಬ ನೂರು ವರ್ಷಗಳ ಅರ್ಥಗಳೆಲ್ಲ ಆ ಒಂದು ಪದದೊಳಗೆ ಕುಳಿತಿವೆ. ನೀವು ಕೊಳವೆಬಾವಿ ಎಂದಿರಿ, ಹೌದೆಂದರು. ಅನಾಥಾಲಯ ಎಂದಿರಿ, ಅದಕ್ಕೂ ಹೌದೆಂದರು. ನೀವು ಈಜುಕೊಳ ಎಂದಿದ್ದರೂ ಹಿರಿಯರೊಬ್ಬರು ಎದ್ದು ನಿಂತು ಧನ್ಯವಾದ ಹೇಳುತ್ತಿದ್ದರು. ಇದು ಕಪಟವಲ್ಲ, ಸೌಜನ್ಯ. ಆದರೆ ಈ ಸೌಜನ್ಯವನ್ನೇ ಬೇಡಿಕೆಯೆಂದು ಬಗೆದು ಹಣ ಸುರಿದದ್ದರಿಂದ ಆಫ್ರಿಕಾದಲ್ಲಿ ಹಾಳುಬಿದ್ದಿರುವ ಕಟ್ಟಡಗಳಿಗೆ ಲೆಕ್ಕವಿಲ್ಲ.

ಕೀನ್ಯಾದಲ್ಲೇ ಇದಕ್ಕೆ ಪ್ರಸಿದ್ಧವಾದ ಒಂದು ಉದಾಹರಣೆಯಿದೆ. 1980ರ ದಶಕದ ಆರಂಭದಲ್ಲಿ ನಾರ್ವೆ ಸರ್ಕಾರದ ನೆರವಿನಿಂದ ತುರ್ಕಾನಾ ಸರೋವರದ ದಡದ ಕಲೊಕೋಲ್ ಎಂಬಲ್ಲಿ ಮೀನು ಶೈತ್ಯೀಕರಿಸುವ ಕಾರ್ಖಾನೆಯೊಂದು ಎದ್ದಿತು. ತುರ್ಕಾನಾ ಜನ ಮುಖ್ಯವಾಗಿ ದನ, ಆಡು, ಒಂಟೆ ಸಾಕುವವರು. ಬರಗಾಲದಲ್ಲಿ ಜಾನುವಾರು ಸತ್ತರೂ ಮೀನು ಹಿಡಿದು ಬದುಕಬಹುದಲ್ಲ ಎಂಬ ಯೋಚನೆ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಆ ಬಿಸಿಲುನಾಡಿನಲ್ಲಿ ಶೈತ್ಯಾಗಾರ ನಡೆಸಲು ಬೇಕಾದ ವಿದ್ಯುತ್ತಿಗೂ ಶುದ್ಧ ನೀರಿಗೂ ತಗಲುವ ವೆಚ್ಚ ಮೀನಿನಿಂದ ಬರುವ ಹಣವನ್ನು ಮೀರಿಸಿತು. ಕಾರ್ಖಾನೆ ಕೆಲವೇ ದಿನ ನಡೆದು ನಿಂತುಹೋಯಿತು. ಮುಂದೆ ಮೀನು ಸಮೃದ್ಧವಾಗಿದ್ದ ಸರೋವರದ ಆ ಕೊಲ್ಲಿಯೇ ಬತ್ತಿತು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ, ಮಕ್ಕಳು ಆಡುವ ತಿರುಗಣಿಯಿಂದ ನೀರೆತ್ತುವ ಪಂಪಿನ ಕಥೆಯೂ ಹೆಚ್ಚು ಬೇರೆಯಲ್ಲ. 2006ರಲ್ಲಿ ಅದಕ್ಕೆ ಅಮೆರಿಕದಿಂದ 1.64 ಕೋಟಿ ಡಾಲರ್ ಘೋಷಣೆಯಾಯಿತು. ನಿಗದಿತ ಪ್ರಮಾಣದ ನೀರು ಬರಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು ಬ್ರಿಟನ್ನಿನ ಪತ್ರಿಕೆಯೊಂದು ಆಮೇಲೆ ಲೆಕ್ಕ ಹಾಕಿ ತೋರಿಸಿತು. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಆ ತಿರುಗಣಿಯನ್ನು ಬಗ್ಗಿ ತಿರುಗಿಸುತ್ತಿದ್ದವರು ವಯಸ್ಸಾದ ಹೆಂಗಸರು.

ಇವೆಲ್ಲ ದೊಡ್ಡವರ ದೊಡ್ಡ ತಪ್ಪುಗಳು, ನಮ್ಮದು ಸಣ್ಣ ಕೆಲಸ ಎಂದು ನೀವು ಹೇಳಬಹುದು. ಹಾಗಾದರೆ ನನ್ನದೇ ಒಂದು ಸಣ್ಣ ತಪ್ಪನ್ನು ಹೇಳುತ್ತೇನೆ. ನಿಮ್ಮ ಮಕುವೇನಿಯ ನೆರೆಯ ಕಿಟುಯಿಯಲ್ಲಿ ನಾನು ಕೆಲವು ವರ್ಷ ಒಂದು ಸ್ವಯಂಸೇವಾ ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ನಾವು ಹಾಕಿಸಿಕೊಟ್ಟಿದ್ದ ಆಫ್ರಿದೇವ್ ಕೈಪಂಪೊಂದನ್ನು ಎರಡು ವರ್ಷದ ನಂತರ ನೋಡಲು ಹೋದೆ. ಪಂಪಿನ ಹಿಡಿ ಅಂಗೈಗಳ ಉಜ್ಜುವಿಕೆಯಿಂದ ನುಣುಪಾಗಿ ಹೊಳೆಯುತ್ತಿತ್ತು, ಆದರೆ ಒತ್ತಿದರೆ ಭಾರವೇ ಇರಲಿಲ್ಲ, ಗಾಳಿಯನ್ನು ಒತ್ತಿದಂತಿತ್ತು. ಕಟ್ಟೆಯ ಸುತ್ತಲಿನ ಕೆಸರು ಒಣಗಿ ಬಿರಿದಿತ್ತು. ನೀರು ಸಮಿತಿಯ ಲೆಕ್ಕದ ಪುಸ್ತಕ ತಂದು ತೋರಿಸಿದರು. ಶಾಲಾ ಮಕ್ಕಳ ನೋಟ್‌ಬುಕ್ಕಿನಲ್ಲಿ ಮನೆಗೊಂದು ಗೆರೆ, ತಿಂಗಳಿಗೊಂದು ಚೌಕ, ಕೊಟ್ಟವರ ಚೌಕದಲ್ಲಿ ಒಂದು ಗುರುತು. ಮಾರ್ಚ್ ತಿಂಗಳವರೆಗೆ ಎಲ್ಲ ತುಂಬಿದ್ದವು, ಆಮೇಲೆ ಒಂದೂ ಇಲ್ಲ. ಖಜಾಂಚಿಯಾಗಿದ್ದ ಹೆಣ್ಣುಮಗಳು ಗಂಡನ ಕೆಲಸದ ನಿಮಿತ್ತ ಮೊಂಬಾಸಾಕ್ಕೆ ಹೋಗಿದ್ದಳು. ಹಣದ ಡಬ್ಬಿ ಅವಳ ಅತ್ತೆಯ ಬಳಿ ಇತ್ತು. ಆ ಅತ್ತೆಯನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೆಟ್ಟಿದ್ದದ್ದು ಒಳಗಿನ ಕೊಂತದ ತುದಿಯಲ್ಲಿರುವ ರಬ್ಬರಿನ ವಾಷರ್, ಅಂಗೈಯಲ್ಲಿ ಹಿಡಿಸುವ ವಸ್ತು. ಡಬ್ಬಿಯಲ್ಲಿದ್ದ ಹಣದಲ್ಲಿ ಅಂಥವನ್ನು ಹತ್ತಾರು ಕೊಳ್ಳಬಹುದಾಗಿತ್ತು. ಹಳ್ಳಿಯವರೇ ಬಿಚ್ಚಿ ರಿಪೇರಿ ಮಾಡಿಕೊಳ್ಳಲಿ ಎಂಬ ಉದ್ದೇಶದಿಂದಲೇ ರೂಪಿಸಿದ ಪಂಪು ಅದು, ಒಂದೇ ಸ್ಪ್ಯಾನರ್ ಸಾಕು. ಆದರೆ ಆ ವಾಷರಿನ ಹೆಸರೇನು, ಪೇಟೆಯ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದನ್ನು ನಾವು ಅವರ ಭಾಷೆಯಲ್ಲಿ ಬರೆದುಕೊಟ್ಟಿರಲಿಲ್ಲ. ನಮ್ಮ ಸಂಸ್ಥೆಯ ಹೆಸರಿನ ಫಲಕ ಮಾತ್ರ ಬಣ್ಣ ಮಾಸದೆ ನಿಂತಿತ್ತು.

ಇದು ನನ್ನೊಬ್ಬನ ಅನುಭವವೂ ಅಲ್ಲ. ಆಫ್ರಿಕಾದ 20 ದೇಶಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಯಾವುದೇ ಹೊತ್ತಿನಲ್ಲಿ ನೋಡಿದರೂ ಅಲ್ಲಿನ ಕೈಪಂಪುಗಳಲ್ಲಿ ಸುಮಾರು ಶೇ 36ರಷ್ಟು ಕೆಟ್ಟು ನಿಂತಿದ್ದವು. ಪಂಪು ಹಾಕಲು ಹಣ ಕೊಡುವವರು ಸಿಗುತ್ತಾರೆ, ಅದನ್ನು ಐದನೆಯ ವರ್ಷದಲ್ಲಿ ನಡೆಸಲು ಯಾರೂ ಸಿಗುವುದಿಲ್ಲ. ಐದನೆಯ ವರ್ಷದಲ್ಲಿ ನೀವು ನೈರೋಬಿಯಲ್ಲೇ ಇರುತ್ತೀರಾ, ಇನ್ನೊಂದು ದೇಶಕ್ಕೆ ವರ್ಗವಾಗಿರುತ್ತೀರಾ ಎಂಬುದನ್ನು ಪತ್ನಿಯ ಜೊತೆ ಕುಳಿತು ಮೊದಲು ಮಾತಾಡಿಕೊಳ್ಳಿ.

ಆದುದರಿಂದ ನನ್ನ ಸಲಹೆ ಇಷ್ಟು: ಸಂಸ್ಥೆ ಕಟ್ಟುವುದನ್ನು ಕೊನೆಗಿಡಿ, ಆ ಊರಿನಲ್ಲಿ ಈಗಾಗಲೇ ಕಟ್ಟಿಕೊಂಡಿರುವುದನ್ನು ಮೊದಲು ನೋಡಿ. ಮಕುವೇನಿಯ ಕಾಂಬಾ ಜನರ ಹಳ್ಳಿ ಸಂಘಟನೆಯಿಲ್ಲದ ಹಳ್ಳಿಯಲ್ಲ. ‘ಮ್ವೆಥ್ಯ’ ಎಂಬುದು ಅವರಲ್ಲಿ ಹಳೆಯ ಪದ್ಧತಿ. ನಮ್ಮ ರೈತರ ಮುಯ್ಯಾಳಿನ ಹಾಗೆ ಒಬ್ಬರ ಹೊಲಕ್ಕೆ ಎಲ್ಲರೂ, ಎಲ್ಲರ ಹೊಲಕ್ಕೂ ಒಬ್ಬೊಬ್ಬರೂ ಸರದಿಯಲ್ಲಿ ದುಡಿಯುವುದು. ಮಚಾಕೋಸ್ ಸೀಮೆಯ ಇಳಿಜಾರುಗಳಲ್ಲಿ ಇಂದು ಕಾಣುವ ‘ಫನ್ಯಾ ಜೂ’ ಬದುಗಳನ್ನು, ಅಂದರೆ ಕಾಲುವೆ ತೋಡಿ ಮಣ್ಣನ್ನು ಮೇಲ್ಬದಿಗೆ ಎಸೆದು ಹಾಕಿದ ಬದುಗಳನ್ನು, ಬಹುಪಾಲು ಇಂಥ ಗುಂಪುಗಳೇ ಹಾಕಿದವು. ಹೆಂಗಸರ ‘ಚಾಮಾ’ಗಳು ಊರೂರಲ್ಲಿವೆ. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಮರದ ಕೆಳಗೆ ಸೇರಿ, ಕೂಡಿದ ಹಣವನ್ನು ಮೇಜಿನ ಮೇಲಿಟ್ಟು ಅಲ್ಲೇ ಸಾಲ ಕೊಟ್ಟು, ಅಲ್ಲೇ ಬಡ್ಡಿ ಲೆಕ್ಕ ಹಾಕುತ್ತಾರೆ. ಇಂಥ ಒಂದು ಗುಂಪಿನ ಮೂರು ವರ್ಷದ ಪುಸ್ತಕ ನೋಡಿದರೆ ಯಾರು ನಂಬಿಕಸ್ಥರು, ಯಾರ ಮಾತು ನಡೆಯುತ್ತದೆ ಎಂಬುದು ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ಇನ್ನು ನೀರಿನ ವಿಷಯ. ನೀವು ಕರುಣೆಯಿಂದ ನೋಡಿದ ಆ ಒರತೆಯಲ್ಲೇ ಉತ್ತರದ ಅರ್ಧ ಭಾಗವಿದೆ. ಮಕುವೇನಿಯಲ್ಲಿ ಕೊಳವೆಬಾವಿ ಕೊರೆಸುವುದೆಂದರೆ ಭೂಜಲ ಸಮೀಕ್ಷೆ, ಜಲಸಂಪನ್ಮೂಲ ಪ್ರಾಧಿಕಾರದ ಅನುಮತಿ, ಪರಿಸರ ಪ್ರಾಧಿಕಾರದ ಪರವಾನಗಿ ಇವೆಲ್ಲ ಬೇಕು. ಇಷ್ಟೆಲ್ಲ ಮಾಡಿ ಕೊರೆಸಿದ ಮೇಲೆ ಸಿಗುವ ನೀರು ಅನೇಕ ಕಡೆ ಉಪ್ಪು. ಹೊಳೆಯ ಮರಳಿನೊಳಗೆ ನಿಂತಿರುವುದು ಸಿಹಿನೀರು. ಇದನ್ನರಿತೇ ಆ ಸೀಮೆಯ ಜನ 1970ರ ದಶಕದಿಂದ ಮರಳು ಅಣೆಗಳನ್ನು ಕಟ್ಟುತ್ತ ಬಂದಿದ್ದಾರೆ. ವರ್ಷದಲ್ಲಿ ಕೆಲವೇ ದಿನ ಹರಿಯುವ ಹೊಳೆಗೆ ಅಡ್ಡವಾಗಿ, ತಳದ ಬಂಡೆಯ ಮೇಲೆ ಕಾಂಕ್ರೀಟಿನ ಗೋಡೆ ಎಬ್ಬಿಸುತ್ತಾರೆ. ಒಂದರಿಂದ ಮೂರು ಮಳೆಗಾಲದಲ್ಲಿ ಗೋಡೆಯ ಹಿಂದೆ ಮರಳು ತುಂಬುತ್ತದೆ. ಆ ಮರಳಿನ ಸಂದುಗಳಲ್ಲಿ ಅದರ ಗಾತ್ರದ ಶೇ 25ರಿಂದ 40ರಷ್ಟು ನೀರು ನಿಲ್ಲುತ್ತದೆ. ಮೇಲೆ ಮರಳಿನ ಹೊದಿಕೆ ಇರುವುದರಿಂದ ಬಿಸಿಲಿಗೆ ಆರುವುದು ಕಡಿಮೆ, ಸೊಳ್ಳೆಯ ಕಾಟವಿಲ್ಲ, ದನ ಇಳಿದು ಕಲಕುವಂತಿಲ್ಲ. ಕೆಡುವ ಯಂತ್ರವೇ ಇಲ್ಲದಿರುವುದು ಇದರ ದೊಡ್ಡ ಗುಣವೆಂದು ಲೆಕ್ಕಪತ್ರದವನಾದ ನನಗೆ ಅನ್ನಿಸುತ್ತದೆ. ರೂಢಿಯಲ್ಲಿ ಕಲ್ಲು, ಮರಳು, ನೀರು, ದುಡಿಮೆ ಊರಿನ ಗುಂಪಿನದು. ಸಿಮೆಂಟು, ಕಬ್ಬಿಣ ಮತ್ತು ನುರಿತ ಮೇಸ್ತ್ರಿಯ ಕೂಲಿ ಹೊರಗಿನ ನೆರವಿನದು. ನಿಮ್ಮ 18 ಲಕ್ಷಕ್ಕೆ ಹೊಂದುವ ಪಾಲು ಇದು.

ಎಂಜಿನಿಯರರಾದ ನಿಮಗೆ ಎರಡು ಎಚ್ಚರಿಕೆ ಹೇಳಬೇಕು. ಮೊದಲನೆಯದು, ಮರಳು ಅಣೆ ಎಲ್ಲ ಹೊಳೆಗೂ ಸಲ್ಲುವುದಿಲ್ಲ. ಬಂಡೆ ಆಳದಲ್ಲಿದ್ದರೆ ಖರ್ಚು ಏರುತ್ತದೆ. ಮೇಲಿನ ಇಳಿಜಾರಿನಲ್ಲಿ ಬದುಗಳಿಲ್ಲದಿದ್ದರೆ ಮರಳಿನ ಬದಲು ಗೋಡು ತುಂಬಿ ಅಣೆ ಕೆಲಸಕ್ಕೆ ಬಾರದಂತಾಗುತ್ತದೆ. ಆದ್ದರಿಂದ ಜಾಗ ಗುರುತಿಸುವಾಗ ನಿಮ್ಮ ನಕ್ಷೆಗಿಂತ, ಆಗಸ್ಟ್ ಸೆಪ್ಟೆಂಬರಿನಲ್ಲೂ ಒರತೆ ಬತ್ತದ ತಿರುವು ಯಾವುದು ಎಂದು ಕ್ಯಾನು ಹೊರುವ ಹೆಂಗಸರನ್ನು ಕೇಳುವುದು ಲೇಸು. ಎರಡನೆಯದು, ಆ ಮರಳಿಗೆ ನೈರೋಬಿಯ ಕಟ್ಟಡಗಳಲ್ಲಿ ಬೆಲೆಯಿದೆ. ರಾತ್ರಿ ಲಾರಿಗಳು ಬಂದು ಮರಳು ತುಂಬಿಕೊಂಡು ಹೋಗುವ ದಂಧೆಯನ್ನು ತಡೆಯಲೆಂದೇ ಮಕುವೇನಿ ಕೌಂಟಿ 2015ರಲ್ಲಿ ಮರಳು ಸಂರಕ್ಷಣೆಗೆ ಪ್ರತ್ಯೇಕ ಕಾನೂನು ಮಾಡಿಕೊಂಡಿತು. ಊರಿನವರು ತಮ್ಮದೆಂದು ಕಾಯದ ಅಣೆ ಒಂದೇ ಬೇಸಿಗೆಯಲ್ಲಿ ಬರಿದಾಗಬಹುದು.

ಶಾಲಾ ಕೊಠಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಠಡಿ ಕಟ್ಟಿದರೆ ಶಿಕ್ಷಕರು ಬರುವುದಿಲ್ಲ. ಸರ್ಕಾರಿ ಶಾಲೆಗೆ ಶಿಕ್ಷಕರನ್ನು ನೇಮಿಸುವುದು ಶಿಕ್ಷಕರ ಸೇವಾ ಆಯೋಗ. ಮುಖ್ಯೋಪಾಧ್ಯಾಯರ ಬಳಿ ಹೋಗಿ, ಆಡಳಿತ ಮಂಡಳಿಯ ಕೊನೆಯ ಮೂರು ಸಭೆಗಳಲ್ಲಿ ಯಾವುದರ ಬಗ್ಗೆ ಜಗಳವಾಯಿತು ಎಂದು ಕೇಳಿ. ಉತ್ತರ ಬಹುಶಃ ಶೌಚಾಲಯವೋ, ಮಧ್ಯಾಹ್ನದ ಊಟದ ಸೌದೆಯೋ ಆಗಿರುತ್ತದೆ.

ಅನಾಥಾಲಯ ಮಾತ್ರ ಬೇಡವೇ ಬೇಡ. ಹೊಸ ಮಕ್ಕಳ ಆಶ್ರಯಧಾಮಗಳ ನೋಂದಣಿಯನ್ನು ಕೀನ್ಯಾ ಸರ್ಕಾರ 2017ರ ನವೆಂಬರಿನಲ್ಲೇ ನಿಲ್ಲಿಸಿತು. ಮಕ್ಕಳನ್ನು ಧಾಮಗಳಿಂದ ಕುಟುಂಬಗಳಿಗೆ ಮರಳಿಸುವ ಹತ್ತು ವರ್ಷಗಳ ಕಾರ್ಯನೀತಿ 2022ರಲ್ಲಿ ಆರಂಭವಾಗಿದೆ. ಇದಕ್ಕೆ ಕಾರಣವೂ ಇದೆ. ಇಂಥ ಧಾಮಗಳಲ್ಲಿರುವ ಎಷ್ಟೋ ಮಕ್ಕಳಿಗೆ ತಾಯಿಯೋ ತಂದೆಯೋ ಅಜ್ಜಿಯೋ ಇದ್ದಾರೆ. ಅವರನ್ನು ಅಲ್ಲಿಗೆ ತಳ್ಳಿದ್ದು ಬಡತನ. ಧಾಮಕ್ಕೆ ಹಣ ಬಂದಷ್ಟೂ ಮಕ್ಕಳು ಮನೆ ಬಿಟ್ಟು ಬರುತ್ತಾರೆ. ಮೊಮ್ಮಕ್ಕಳನ್ನು ಸಾಕುತ್ತಿರುವ ಒಬ್ಬ ಅಜ್ಜಿಗೆ ನೇರವಾಗಿ ಸಹಾಯ ಮಾಡಿದರೆ ಕಟ್ಟಡವೂ ಬೇಡ, ಅಡುಗೆಯವರೂ ಬೇಡ.

ನೇರವಾಗಿ ಎಂದಾಗ ಹಣವನ್ನೇ ಕೊಡುವುದೇ ಎಂದು ನೀವು ಹುಬ್ಬೇರಿಸಬಹುದು. ಹೌದು, ಹಣವನ್ನೇ. 2007ರಲ್ಲಿ ಮೊಬೈಲಿನಿಂದ ಹಣ ಕಳುಹಿಸುವ ಎಂ-ಪೆಸಾ ಬಂದಂದಿನಿಂದ ಕೀನ್ಯಾದ ಹಳ್ಳಿಗೆ ಹಣ ತಲುಪಿಸುವುದು ಕಷ್ಟವಲ್ಲ. ಸಿಯಾಯಾ ಕೌಂಟಿಯ 653 ಹಳ್ಳಿಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಡ ಮನೆಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟು ನೋಡಿದರು. ಕೊಟ್ಟ ಒಂದೊಂದು ಡಾಲರಿನಿಂದ ಆ ಪ್ರದೇಶದ ಆರ್ಥಿಕತೆ ಸುಮಾರು ಎರಡೂವರೆ ಡಾಲರಿನಷ್ಟು ಹಿಗ್ಗಿತು, ಹಣ ಪಡೆಯದ ಮನೆಗಳಿಗೂ ಅದರ ಲಾಭ ಹರಿಯಿತು, ಬೆಲೆಗಳು ಹೇಳಿಕೊಳ್ಳುವಷ್ಟು ಏರಲಿಲ್ಲ. ಆದರೆ ಹಣದಿಂದ ಅಣೆ ಏಳುವುದಿಲ್ಲ, ಅದಕ್ಕೆ ಗುಂಪೇ ಬೇಕು; ಎರಡಕ್ಕೂ ಅದರದರ ಜಾಗವಿದೆ.

ನಿಮ್ಮ ಕಾವಲುಗಾರರ ಬಗ್ಗೆಯೂ ಒಂದು ಮಾತು. ಅವರ ಮೂಲಕವೇ ನೀವು ಆ ಊರನ್ನು ಅರಿತಿರಿ, ಅವರು ಒಳ್ಳೆಯವರೇ ಇರಬೇಕು. ಆದರೆ ನೀವು ಹಣದೊಂದಿಗೆ ಹೋದ ದಿನದಿಂದ ಅವರ ಮನೆ ಊರಿನ ಬಾಗಿಲಾಗುತ್ತದೆ. ಅವರ ಕುಲದವರಿಗೆ ಸಿಕ್ಕರೆ ಉಳಿದವರ ಅಸೂಯೆ, ಸಿಗದಿದ್ದರೆ ಅವರದೇ ಕುಲದವರ ಮುನಿಸು. ಅವರ ಕೆಲಸವೂ ನಿಮ್ಮ ಸಮುಚ್ಚಯದವರ ಕೈಯಲ್ಲಿರುವುದರಿಂದ ನಿಮ್ಮ ಯೋಜನೆ ತಪ್ಪು ಎಂದು ಅವರು ಎಂದೂ ನಿಮಗೆ ಹೇಳಲಾರರು. ಆದ್ದರಿಂದ ಎರಡನೆಯ ಭೇಟಿಗೆ ಸರ್ಕಾರದ ಸ್ಥಳೀಯ ಅಧಿಕಾರಿಯಾದ ಸಹಾಯಕ ಚೀಫ್ ಅವರನ್ನು ಕಂಡು, ಅವರು ಕರೆಯುವ ಬರಾಜಾದಲ್ಲಿ, ಅಂದರೆ ಊರಸಭೆಯಲ್ಲಿ, ಎಲ್ಲರೆದುರು ಮಾತಾಡಿ. ಹೆಂಗಸರ ಗುಂಪಿನೊಂದಿಗೆ ಬೇರೆಯಾಗಿ ಕುಳಿತುಕೊಳ್ಳಿ. ವಾರ್ಡ್ ಕಚೇರಿಯಲ್ಲಿ ಕೌಂಟಿಯ ಐದು ವರ್ಷಗಳ ಅಭಿವೃದ್ಧಿ ಯೋಜನೆಯಲ್ಲಿ ಆ ಊರಿಗೆ ಏನು ಬರೆದಿದ್ದಾರೆಂದು ನೋಡಿ; ಜನರು ಹಳ್ಳಿಯ ಮಟ್ಟದಿಂದಲೇ ಸಭೆ ಸೇರಿ ಯೋಜನೆ ಆರಿಸುವ ಪದ್ಧತಿಗೆ ಮಕುವೇನಿ ಹೆಸರುವಾಸಿ. ಸರ್ಕಾರವೇ ಮುಂದಿನ ವರ್ಷ ಕಟ್ಟಲಿರುವುದನ್ನು ನೀವು ಈ ವರ್ಷ ಕಟ್ಟಿ ಫಲಕ ಹಾಕಿದರೆ ಊರಿಗೆ ಲಾಭವಾಗಲಿಲ್ಲ, ಕೌಂಟಿಗೆ ಉಳಿತಾಯವಾಯಿತು.

ಈಗ ನೋಂದಣಿ. ಊರಿನ ಗುಂಪು ಈಗಾಗಲೇ ನೋಂದಾಯಿತವಾಗಿರದಿದ್ದರೆ 2022ರ ಸಮುದಾಯ ಗುಂಪುಗಳ ನೋಂದಣಿ ಕಾನೂನಿನಡಿ ಅದನ್ನು ಅವರೇ ಮಾಡಿಸಿಕೊಳ್ಳಬಹುದು. ಕನಿಷ್ಠ ಹತ್ತು ಸದಸ್ಯರು, ನಿಯಮಾವಳಿ, ಪದಾಧಿಕಾರಿಗಳ ಪಟ್ಟಿ ಬೇಕು. ಅರ್ಜಿ ಹೋಗುವುದು ಸಾಮಾಜಿಕ ಅಭಿವೃದ್ಧಿ ಇಲಾಖೆಯ ಸ್ಥಳೀಯ ಕಚೇರಿಗೆ. ಅಂಥ ಗುಂಪಿನ ಬ್ಯಾಂಕ್ ಖಾತೆಗೆ ನೀವು ಐದು ಕುಟುಂಬಗಳು ಲಿಖಿತ ಒಪ್ಪಂದದೊಂದಿಗೆ ಕಂತುಗಳಲ್ಲಿ ಹಣ ಕೊಡಲು ನಿಮ್ಮದೇ ಸಂಸ್ಥೆ ಇರಬೇಕೆಂದಿಲ್ಲ. ಮೊದಲ ಎರಡು ವರ್ಷ ಹೀಗೇ ನಡೆಸಿ. ಮುಂದೆ ನಾಲ್ಕಾರು ಊರಿಗೆ ಕೆಲಸ ಹಬ್ಬಿ, ಹೊರಗಿನವರಿಂದಲೂ ದೇಣಿಗೆ ಪಡೆಯಬೇಕಾದಾಗ ಸಂಸ್ಥೆಯ ಮಾತು ಬರುತ್ತದೆ. 1990ರ ಹಳೆಯ ಸರ್ಕಾರೇತರ ಸಂಸ್ಥೆಗಳ ಕಾನೂನು ಈಗಿಲ್ಲ. 2013ರಲ್ಲಿ ಅಂಗೀಕಾರವಾಗಿ ಹನ್ನೊಂದು ವರ್ಷ ಕಾದ ಸಾರ್ವಜನಿಕ ಹಿತದ ಸಂಸ್ಥೆಗಳ ಕಾನೂನು 2024ರ ಮೇ 14ರಿಂದ ಜಾರಿಯಲ್ಲಿದೆ. ನೋಂದಣಿ ಅದರ ನಿಯಂತ್ರಣ ಪ್ರಾಧಿಕಾರದಲ್ಲಿ ಆಗಬೇಕು. ಟ್ರಸ್ಟ್ ಅಥವಾ ಲಾಭರಹಿತ ಕಂಪನಿಯ ದಾರಿಯೂ ಇದೆ; ಯಾವುದು ನಿಮಗೆ ಹೊಂದುತ್ತದೆಂದು ನೈರೋಬಿಯ ವಕೀಲರೊಬ್ಬರನ್ನು ಕೇಳಿ. ನೋಂದಣಿಯಾದ ಮಾತ್ರಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅದಕ್ಕೆ ಕಂದಾಯ ಪ್ರಾಧಿಕಾರಕ್ಕೆ ಬೇರೆ ಅರ್ಜಿ ಹಾಕಬೇಕು. ಪ್ರತಿ ವರ್ಷ ವರದಿ, ಲೆಕ್ಕಪರಿಶೋಧನೆ ಇದ್ದೇ ಇರುತ್ತವೆ, ಅವುಗಳ ಖರ್ಚೂ ಇರುತ್ತದೆ.

ಹಣ ಕೊಡುವಾಗ ಕೊನೆಯ ಕಂತನ್ನು ಕೆಲಸ ಮುಗಿದ ದಿನಕ್ಕಲ್ಲ, ಮುಗಿದು ಒಂದು ವರ್ಷವಾದ ದಿನಕ್ಕೆ ಕಟ್ಟಿಡಿ. ಇದು ನನ್ನ ಸ್ವಂತ ಬುದ್ಧಿಯಲ್ಲ. 1977ರಲ್ಲಿ ಹಸಿರು ಪಟ್ಟಿ ಚಳವಳಿ ಆರಂಭಿಸಿದ ವಂಗಾರಿ ಮಾಥಾಯಿ, ಹಳ್ಳಿಯ ಹೆಂಗಸರಿಗೆ ನೆಟ್ಟ ಸಸಿಗಲ್ಲ, ಬದುಕಿ ಉಳಿದ ಸಸಿಗೆ ಹಣ ಕೊಡುತ್ತಿದ್ದರು. ತಾಯಿಯ ಹೆಸರಿನ ವಿಚಾರದಲ್ಲಿ ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ. ಆದರೆ ಊರಿನವರು ಕಲ್ಲು ಹೊತ್ತು ಕಟ್ಟಿದ ಅಣೆಯ ಮೇಲೆ ಆ ಹೆಸರು ಕೆತ್ತಿಸಿದರೆ, ಅದು ಬಿರುಕು ಬಿಟ್ಟ ದಿನ ‘ಅದು ನೈರೋಬಿಯವರದು, ಅವರೇ ಬಂದು ಸರಿಪಡಿಸಲಿ’ ಎಂದು ಊರು ಕಾಯುತ್ತ ಕುಳಿತೀತು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ಬಡಾವಣೆಯ ಮಹಿಳೆಯರು ಸೇರಿ ಒಳ್ಳೆಯ ಸ್ಥಿತಿಯಲ್ಲಿರುವ ಬಳಸಿದ ಬಟ್ಟೆಗಳನ್ನೂ ಪಠ್ಯಪುಸ್ತಕಗಳನ್ನೂ ಸಂಗ್ರಹಿಸಿದ್ದೇವೆ. ಆಫ್ರಿಕಾದ ಯಾವುದಾದರೂ ಬಡ ಹಳ್ಳಿಗೆ ಹಡಗಿನಲ್ಲಿ ಕಳುಹಿಸುವುದು ಹೇಗೆ?
— ಓದುಗರೊಬ್ಬರು

ಉತ್ತರ: ಮೇಡಂ, ದಯವಿಟ್ಟು ಕಳುಹಿಸಬೇಡಿ. ಪೂರ್ವ ಆಫ್ರಿಕಾದಲ್ಲಿ ಬಳಸಿದ ಬಟ್ಟೆಗೆ ‘ಮಿಟುಂಬಾ’ ಎನ್ನುತ್ತಾರೆ. ಅದು ದಾನದ ವಸ್ತುವಲ್ಲ, ಬಹುದೊಡ್ಡ ವ್ಯಾಪಾರ. ನೈರೋಬಿಯ ಗಿಕೊಂಬಾ ಮಾರುಕಟ್ಟೆಯಲ್ಲಿ ಗಂಟುಗಟ್ಟಲೆ ಬಿಚ್ಚಿ ಮಾರುವವರ ಸಾಲೇ ಇದೆ. ಸ್ಥಳೀಯ ದರ್ಜಿಗಳಿಗೂ ಗಿರಣಿಗಳಿಗೂ ಅದರಿಂದ ಪೆಟ್ಟು ಬೀಳುತ್ತದೆಂದು ಪೂರ್ವ ಆಫ್ರಿಕಾದ ದೇಶಗಳು 2016ರಲ್ಲಿ ಇಂಥ ಆಮದನ್ನು ಹಂತಹಂತವಾಗಿ ನಿಲ್ಲಿಸಲು ನಿರ್ಧರಿಸಿದವು. ಅಮೆರಿಕ ಮುನಿಸಿಕೊಂಡಿತು, ಕೊನೆಗೆ ಪಟ್ಟು ಹಿಡಿದು ಉಳಿದದ್ದು ರುವಾಂಡಾ ಮಾತ್ರ, ಅದು 2018ರಲ್ಲಿ ಅಮೆರಿಕಕ್ಕೆ ಉಡುಪು ರಫ್ತು ಮಾಡುವ ಸುಂಕ ವಿನಾಯಿತಿಯನ್ನೂ ಕಳೆದುಕೊಂಡಿತು. ಹೀಗಿರುವಾಗ ನಿಮ್ಮ ಪೆಟ್ಟಿಗೆಗಳ ಹಡಗಿನ ಬಾಡಿಗೆ, ಬಂದರಿನ ಶುಲ್ಕ, ಸುಂಕ ಇವೆಲ್ಲ ಸೇರಿ ಬಟ್ಟೆಯ ಬೆಲೆಯನ್ನು ಮೀರುತ್ತವೆ. ಪಠ್ಯಪುಸ್ತಕಗಳಂತೂ ಅಲ್ಲಿನ ಪಠ್ಯಕ್ರಮಕ್ಕೆ ಹೊಂದುವುದಿಲ್ಲ.

ನಮ್ಮ ಅಡುಗೆಮನೆಗೂ ಆ ಹಳ್ಳಿಗಳಿಗೂ ನಿಜವಾದ ನಂಟಿರುವುದು ತೊಗರಿಯಲ್ಲಿ. ಮೊಜಾಂಬಿಕ್, ತಾಂಜಾನಿಯಾ, ಮಲಾವಿಗಳ ಸಣ್ಣ ರೈತರು ಭಾರತವನ್ನು ನಂಬಿ ತೊಗರಿ ಬೆಳೆಯುತ್ತಾರೆ. 2017ರ ಆಗಸ್ಟಿನಲ್ಲಿ ಭಾರತ ತೊಗರಿ ಆಮದಿಗೆ 2 ಲಕ್ಷ ಟನ್ನಿನ ಮಿತಿ ಹಾಕಿದಾಗ ಅಲ್ಲಿ ಬೆಲೆ ನೆಲಕಚ್ಚಿತು. ನಮ್ಮ ರೈತರ ಹಿತವನ್ನೂ ನೋಡಬೇಕಾದ ತೀರ್ಮಾನ ಅದು, ಅದನ್ನು ಇಲ್ಲಿ ಬಗೆಹರಿಸಲು ಹೋಗುವುದಿಲ್ಲ. ಆದರೆ ಬಟ್ಟೆಯ ಪೆಟ್ಟಿಗೆಗಿಂತ ಇದು ಅವರ ಬದುಕಿಗೆ ಬಹಳ ಹತ್ತಿರದ ಸಂಗತಿ. ನಿಮ್ಮ ಬಟ್ಟೆ, ಪುಸ್ತಕಗಳನ್ನು ನಿಮ್ಮ ಸುತ್ತಮುತ್ತ ಬೇಕಾದವರಿಗೇ ಕೊಡಿ.

ಪ್ರಶ್ನೆ: ನಾನು ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿನಿ. ರಜೆಯಲ್ಲಿ ಮೂರು ವಾರ ಕೀನ್ಯಾದ ಮಕ್ಕಳ ಧಾಮವೊಂದರಲ್ಲಿ ಸೇವೆ ಮಾಡಿ ಬಂದು, ಮುಂದೆ ನಾನೇ ಒಂದು ಸಂಸ್ಥೆ ತೆರೆಯಬೇಕೆಂದಿದ್ದೇನೆ. ಪ್ರವಾಸ ಏರ್ಪಡಿಸುವವರು ಶುಲ್ಕ ಕೇಳುತ್ತಿದ್ದಾರೆ. ಹೋಗಬಹುದೇ?

ಉತ್ತರ: ಮೂರು ವಾರಕ್ಕೊಬ್ಬರು ಬಂದು ಅಪ್ಪಿ ಮುದ್ದಾಡಿ ಹೋಗುತ್ತಿದ್ದರೆ ಆ ಮಕ್ಕಳ ಮನಸ್ಸಿಗೆ ಏನಾಗುತ್ತದೆಂಬುದನ್ನು ನಿಮ್ಮ ಪಠ್ಯದಲ್ಲೇ ಓದಿರುತ್ತೀರಿ. ಮೇಲಾಗಿ ಪ್ರವಾಸಿಯಾಗಿ ಪ್ರವೇಶಾನುಮತಿ ಪಡೆದು ಹೋದವರು ಅಲ್ಲಿ ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ, ಅದಕ್ಕೆ ಬೇರೆಯೇ ಪರವಾನಗಿ ಬೇಕು. ಮಕ್ಕಳ ಫೋಟೊ ತೆಗೆದು ಹಂಚಿಕೊಳ್ಳುವುದಕ್ಕೂ 2019ರ ದತ್ತಾಂಶ ರಕ್ಷಣಾ ಕಾನೂನು ಅಡ್ಡ ಬರುತ್ತದೆ. ಪೋಷಕರ ಒಪ್ಪಿಗೆ ಬೇಕು. ಪದವಿ ಮುಗಿಸಿ, ಸ್ವಾಹಿಲಿ ಕಲಿತು, ಅಲ್ಲಿನವರೇ ನಡೆಸುವ ಸಂಸ್ಥೆಯೊಂದರಲ್ಲಿ ಅವರ ಕೈಕೆಳಗೆ ಎರಡು ವರ್ಷ ಕೆಲಸ ಮಾಡುವ ಅವಕಾಶ ಸಿಕ್ಕರೆ ಖಂಡಿತ ಹೋಗಿ.

ಪ್ರಶ್ನೆ: ನಮ್ಮ ಕುಟುಂಬದ ಧರ್ಮಾರ್ಥ ಟ್ರಸ್ಟಿನಿಂದ ಆಫ್ರಿಕಾದ ಹಳ್ಳಿಯೊಂದಕ್ಕೆ ಹಣ ಕಳುಹಿಸಬಹುದೇ? ವಿದೇಶಿ ದೇಣಿಗೆ ಕಾನೂನಿನ ಅನುಮತಿ ಬೇಕೇ?

ಉತ್ತರ: ವಿದೇಶಿ ದೇಣಿಗೆ ನಿಯಂತ್ರಣ ಕಾನೂನು ಹೊರಗಿನಿಂದ ಒಳಬರುವ ಹಣಕ್ಕೆ ಸಂಬಂಧಿಸಿದ್ದು, ನಿಮ್ಮದು ಹೊರಹೋಗುವ ಹಣ. ನಿವಾಸಿ ಭಾರತೀಯರು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ದೇಣಿಗೆಯನ್ನೂ ಸೇರಿಸಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರಿನವರೆಗೆ ಕಳುಹಿಸಬಹುದು. ಆದರೆ ಅದು ವ್ಯಕ್ತಿಗಳಿಗೆ ಮಾತ್ರ, ಟ್ರಸ್ಟುಗಳಿಗಲ್ಲ. ಟ್ರಸ್ಟು ತನ್ನ ವರಮಾನವನ್ನು ದೇಶದ ಹೊರಗೆ ಖರ್ಚು ಮಾಡಿದರೆ ನೇರ ತೆರಿಗೆಗಳ ಕೇಂದ್ರೀಯ ಮಂಡಳಿಯ ಒಪ್ಪಿಗೆಯಿಲ್ಲದೆ ಆ ಭಾಗಕ್ಕೆ ತೆರಿಗೆ ವಿನಾಯಿತಿ ದೊರೆಯುವುದಿಲ್ಲ. ಲೆಕ್ಕಪರಿಶೋಧಕರನ್ನು ಕೇಳದೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಸದಸ್ಯರು ವೈಯಕ್ತಿಕವಾಗಿ ಕಳುಹಿಸುವುದೇ ನೇರವಾದ ದಾರಿ.

ಪ್ರಶ್ನೆ: ನಾನು ಮೊಂಬಾಸಾದಲ್ಲಿರುವ ಗೃಹಿಣಿ. ಸಂಸ್ಥೆ ಕಟ್ಟುವಷ್ಟು ಶಕ್ತಿ ನನಗಿಲ್ಲ. ನಮ್ಮ ಮನೆಕೆಲಸದಾಕೆ ಊರಿನಲ್ಲಿರುವ ಮಗಳ ಪ್ರೌಢಶಾಲೆಯ ಶುಲ್ಕಕ್ಕೆ ಸಹಾಯ ಕೇಳಿದ್ದಾಳೆ. ಕೊಟ್ಟರೆ ಅಭ್ಯಾಸವಾಗುತ್ತದೆ ಎಂದು ನನ್ನವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಕೊಡಿ, ತಾಯಿ. ಆದರೆ ಈ ಸಲಕ್ಕೆಂದು ಕೊಡದೆ, ಅವಳ ಓದು ಮುಗಿಯುವವರೆಗೂ ನಿಮ್ಮಿಂದ ಸಾಧ್ಯವೇ ಎಂದು ಯಜಮಾನರ ಜೊತೆ ಲೆಕ್ಕ ಹಾಕಿ ನೋಡಿ. ಎರಡನೆಯ ವರ್ಷ ನಿಲ್ಲಿಸುವಂತಿದ್ದರೆ ಅದನ್ನು ಈಗಲೇ ಅವಳಿಗೆ ಹೇಳಿಬಿಡಿ, ಅವಳು ತನ್ನ ಚಾಮಾದಲ್ಲಿ ಉಳಿದದ್ದಕ್ಕೆ ದಾರಿ ನೋಡಿಕೊಳ್ಳುತ್ತಾಳೆ. ಶುಲ್ಕವನ್ನು ಹುಡುಗಿಯ ಪ್ರವೇಶ ಸಂಖ್ಯೆ ನಮೂದಿಸಿ ನೇರವಾಗಿ ಶಾಲೆಯ ಖಾತೆಗೆ ಕಟ್ಟಿ. ಆದರೆ ವಿದ್ಯಾರ್ಥಿನಿಲಯದ ಹಾಸಿಗೆ, ಪೆಟ್ಟಿಗೆ, ಸೋಪು, ಸ್ಯಾನಿಟರಿ ಪ್ಯಾಡು, ಊರಿಗೆ ಹೋಗಿಬರುವ ಬಸ್ಸಿನ ದುಡ್ಡು ಶಾಲೆಯ ಪಟ್ಟಿಯಲ್ಲಿರುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ಅವಧಿಯ ಮೊದಲ ದಿನ ಶಾಲೆಯ ಗೇಟಿನಿಂದ ಹಿಂತಿರುಗುವುದು ಇಂಥವುಗಳಿಗೇ. ಅದಕ್ಕಾಗಿ ಸ್ವಲ್ಪ ಹಣವನ್ನು ತಾಯಿಯ ಕೈಯಲ್ಲೇ ಇಡಿ. ಕಟ್ಟಿದ ರಸೀದಿಯನ್ನು ನೀವು ಇಟ್ಟುಕೊಳ್ಳಬೇಡಿ, ಅವಳಿಗೆ ಕೊಡಿ. ಶಾಲೆಗೆ ಹೋದಾಗ ಅದನ್ನು ತೋರಿಸಬೇಕಾದವಳು ಅವಳು.